ಕಾಸಿನ ಸರದ ಕೋವಿ

ಹೋದ ಸಲ ಬಚ್ಚಲೊಲೆ ಹಂಡೆ ಬಗ್ಗೆ ಬರೆದಾಗ, ಆ ಹಂಡೆಯ ಕುದಿನೀರಲ್ಲೇ ನಮ್ಮ ಮನೇಲಿ ದೊಡ್ಡ ಕೋವಿ ತೊಳೀತಿದ್ರು ಅಂತ ಒಂದು ಮಾತು ಬರೆದಿದ್ದೆ. ಅದನ್ನ ಓದಿ ಆಚೆಮನೆ ಅಕ್ಕ, ಶಿವಮೊಗ್ಗದ ಚಿಕ್ಕಮ್ಮ, ಬೆಂಗಳೂರಲ್ಲಿರೋ ನಾದಿನಿ ಮೂರೂ ಜನ ಕೇಳಿದ್ದು ಒಂದೇ ಪ್ರಶ್ನೆ, "ಕೋವೀನ ನೀರಲ್ಲಿ ತೊಳೀತಾರೇನೆ ಮಾರಾಯ್ತಿ, ತುಕ್ಕು ಹಿಡಿಯಲ್ವಾ?" ನಾದಿನಿ ಮಾತ್ರ ಇನ್ನೊಂದನ್ನೂ ಕೇಳಿದ್ಲು. "ಅಜ್ಜಯ್ಯನ ಕೋವೀನ ಕೊಟ್ಟೇಬಿಟ್ರಲ್ಲ ಅತ್ತಿಗೆ. ಅದು ಕಾರ್ಬೆಟ್ ಸಾಹೇಬನ ಹತ್ರ ಇದ್ದ ಜಾತಿ ಕೋವಿ, ಗೊತ್ತಾ?"

ಗೊತ್ತು. ಆಗ ಅಷ್ಟು ಗೊತ್ತಿರಲಿಲ್ಲ, ಆಮೇಲೆ ಓದಿ ತಿಳ್ಕೊಂಡೆ. ಅವಳಿಗೆ ಫೋನಲ್ಲಿ ಹೇಳಿ ಮುಗಿಯೋ ಮಾತಲ್ಲ ಅದು, ಅದಕ್ಕೆ ಇಲ್ಲಿ ಬರೀತಿದ್ದೇನೆ.

ಮೊದಲು ಆ ವರ್ಷದ ಕತೆ. ನಮ್ಮ ಮಾವಯ್ಯನ ಲೈಸೆನ್ಸಿನಲ್ಲಿ ಮೂರು ಕೋವಿ ಇದ್ದವು. ಒಂದು ಕೇಪಿನ ಕೋವಿ, ಮಸಿ ತುಂಬಿ ಗಜದಲ್ಲಿ ಜಡಿಯೋದು. ಇನ್ನೊಂದು ಹನ್ನೆರಡು ಬೋರಿನ ತೋಟಾ ಕೋವಿ. ಮೂರನೇದು ಈ ದೊಡ್ಡ ರೈಫಲ್. 1983ರಿಂದ ಒಬ್ಬರ ಹೆಸರಲ್ಲಿ ಮೂರರ ತನಕ ಇರಬಹುದಿತ್ತು. 2019ರ ಡಿಸೆಂಬರಿನಲ್ಲಿ ಕಾಯಿದೆ ತಿದ್ದಿ ಎರಡಕ್ಕೆ ಇಳಿಸಿದ್ರು. ಹೆಚ್ಚಿಗೆ ಇರೋದನ್ನ ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸಿರೋ ಕೋವಿ ಅಂಗಡಿಗೋ ಕೊಡಬೇಕು ಅಂತ ಆಯ್ತು. ಆ ಒಂದು ವರ್ಷದಲ್ಲೇ ಕೊರೊನಾ ಬಂದು ಕೂತಿತ್ತು. ನಾದಿನಿ ಬರೋ ಹಂಗಿಲ್ಲ, ನಾವು ಹೋಗೋ ಹಂಗಿಲ್ಲ. ಯಾವುದನ್ನ ಕೊಡಾದು ಅಂತ ಜಗಲಿ ಮೇಲೆ ತಿಂಗಳುಗಟ್ಟಲೆ ಮಾತಾಯ್ತು.

ಕೇಪಿನ ಕೋವಿಗೆ ಕೆಲಸ ಇತ್ತು. ಬಾಳೆಗೆ, ಏಲಕ್ಕಿಗೆ ಮಂಗ ಬಂದ್ರೆ ಬರೀ ಮಸಿ ಹಾಕಿ ಒಂದು ಈಡು ಹೊಡೆದ್ರೆ ಸಾಕು, ಗುಂಪು ಆಚೆ ಗುಡ್ಡಕ್ಕೆ ಹಾರುತ್ತೆ. ತೋಟಾ ಕೋವಿಗೆ ಪೇಟೇಲಿ ತೋಟಾ ಸಿಗ್ತದೆ, ಒಂಟಿ ಮನೆಗೆ ಒಂದು ಧೈರ್ಯ. ದೊಡ್ಡದಕ್ಕೆ ಎಂತ ಕೆಲಸ? ನಾನು ಮದುವೆಯಾಗಿ ಬಂದ ಮೇಲೆ ಅದರ ಶಬ್ದ ಒಂದು ದಿನವೂ ಕೇಳಿಲ್ಲ. ಆಯುಧ ಪೂಜೆಗೆ ಹೊರಗೆ ಬರ್ತಿತ್ತು, ಚುನಾವಣೆ ಬಂದಾಗ ಠಾಣೆಗೆ ಹೋಗ್ತಿತ್ತು. ನಮ್ಮ ಕಡೆಯವರಿಗೆಲ್ಲ ಗೊತ್ತಲ್ಲ, ಪಂಚಾಯ್ತಿಯಿಂದ ಪಾರ್ಲಿಮೆಂಟ್ ತನಕ ಯಾವ ಚುನಾವಣೆ ಬಂದ್ರೂ ಕೋವಿ ಠಾಣೇಲಿ ಇಟ್ಟು ಬರಬೇಕು. ನಾಲ್ಕೂವರೆ ಕೆಜಿ ಭಾರದ್ದನ್ನ ಎಂಬತ್ತು ದಾಟಿದ ಮಾವಯ್ಯ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಹೊತ್ಕೊಂಡು ಹೋಗೋದು. ತಿರುಗಿ ಬರುವಾಗ ಒಂದು ಗೀರು, ಒಂದು ತುಕ್ಕಿನ ಕಲೆ ಜಾಸ್ತಿ.

ಈಗ ತೊಳೆಯೋ ವಿಷಯ. ಆ ಕಾಲದ ತೋಟಾದ ಕೇಪಿನಲ್ಲಿ ಇರ್ತಿದ್ದ ಮದ್ದು ಉರಿದ ಮೇಲೆ ನಳಿಗೆ ಒಳಗೆ ಒಂದು ಥರದ ಉಪ್ಪು ಉಳೀತಿತ್ತು. ಉಪ್ಪು ಥಂಡಿ ಎಳ್ಕೊಳ್ಳೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಆಷಾಢದಲ್ಲಿ ಉಪ್ಪಿನ ಭರಣಿ ಮುಚ್ಚಳ ತೆಗೆದು ನೋಡಿ. ಎಣ್ಣೆ ಹಚ್ಚಿದ್ರೆ ಆ ಉಪ್ಪು ಕರಗಲ್ಲ, ಎಣ್ಣೆ ಅಡಿಯಲ್ಲಿ ಕೂತು ಕಬ್ಬಿಣ ತಿನ್ನುತ್ತೆ. ಕುದಿನೀರು ಹೊಯ್ದರೆ ಮಾತ್ರ ಹೋಗುತ್ತೆ. ನಳಿಗೆಯೂ ಬಿಸಿಯಾಗಿ ತಂತಾನೇ ಒಣಗುತ್ತೆ, ಆಮೇಲೆ ಬಟ್ಟೆ ಎಳೆದು ಎಣ್ಣೆ ಹಚ್ಚೋದು. ಅದಕ್ಕೇ ಒಂದು ಈಡು ಹಾರಿಸಿದ್ರೂ ಅಜ್ಜಿ ಹಂಡೆಗೆ ಬೆಂಕಿ ಹಾಕಬೇಕಿತ್ತು. ಅಜ್ಜಯ್ಯ ಕೋವಿ ಹಿಡಿದು ಫೋಟೋ ತೆಗೆಸಿಕೊಂಡಿದ್ದಾರೆ. ಅಜ್ಜಿ ಗಿಂಡಿ ಹಿಡಿದದ್ದಕ್ಕೆ ಫೋಟೋ ಇಲ್ಲ.

ಅಜ್ಜಯ್ಯ ಅದನ್ನ ತಗೊಂಡಿದ್ದು 1951ರಲ್ಲಿ, ಕಾಫಿ ತೋಟ ಮಾರಿ ಊರಿಗೆ ಹೊರಟ ಒಬ್ಬ ಇಂಗ್ಲಿಷ್ ದೊರೆಯಿಂದ. ಲೆಕ್ಕದ ಪುಸ್ತಕದಲ್ಲಿ ಅವರದೇ ಅಕ್ಷರ ಇದೆ, "ದೊಡ್ಡ ಕೋವಿ ಬಾಬ್ತು ರೂ. 1,350". ಅದರ ಮೇಲಿನ ಸಾಲಿನಲ್ಲಿ ಜಮಾ, "ಬಂಗಾರ ಬಾಬ್ತು ರೂ. 1,320". ಆಗ ತೊಲ ಬಂಗಾರಕ್ಕೆ ನೂರು ರೂಪಾಯಿ ಮೇಲೆ ಸ್ವಲ್ಪ. ಅಂದ್ರೆ 12 ತೊಲ. ಅಜ್ಜಿಯ ತವರಿನ ಕಾಸಿನ ಸರ ಮತ್ತು ಒಂದು ಜೊತೆ ಕಡಗ.

ಆ ವರ್ಷ ಹುಲಿ ಎರಡು ಕರೆಯೋ ಎಮ್ಮೆ ಹಿಡಿದಿತ್ತು ಅನ್ನೋದು ಸುಳ್ಳಲ್ಲ. ಹುಲಿಗೆ ದೊಡ್ಡ ಕೋವಿಯೇ ಬೇಕು ಅಂತ ಅಜ್ಜಯ್ಯ ಅಂದಿದ್ದು, ಮನೆಯವರೆಲ್ಲ ಹೌದು ಅಂದಿದ್ದು. ನಿಜವಾಗ್ಲೂ ಬೇಕಿತ್ತಾ ಅನ್ನೋದು ನನ್ನ ಪ್ರಶ್ನೆ. ಅದಕ್ಕೆ ದೊಡ್ಡ ಕೋವಿ ಎಲ್ಲಿಂದ ಬಂತು ಅಂತ ನೋಡಬೇಕು.

ಕೋವಿಯ ಬೋರು ಅನ್ನೋ ಲೆಕ್ಕ ಅಡಿಗೆಮನೆ ಲೆಕ್ಕದ ಹಂಗೇ ಇದೆ. ಒಂದು ಪೌಂಡು ಸೀಸವನ್ನ ಹನ್ನೆರಡು ಸಮ ಉಂಡೆ ಕಟ್ಟಿದ್ರೆ, ಆ ಉಂಡೆ ಸರಿಯಾಗಿ ಹೋಗೋ ನಳಿಗೆ ಹನ್ನೆರಡು ಬೋರು. ನಾಲ್ಕೇ ಉಂಡೆ ಕಟ್ಟಿದ್ರೆ ನಾಲ್ಕು ಬೋರು. ಸಂಖ್ಯೆ ಸಣ್ಣದಾದಷ್ಟೂ ಉಂಡೆ ದೊಡ್ಡದು. ಗುಂಡಿನ ತೂಕ ಹೇಳೋದು ಗ್ರೈನಿನಲ್ಲಿ, ನಮ್ಮ ಒಂದು ತೊಲ ಅಂದ್ರೆ ಸರಿಯಾಗಿ 180 ಗ್ರೈನ್. ಹಂಗಾಗಿ ನಾನು ಎಲ್ಲ ಗುಂಡನ್ನೂ ತೊಲದಲ್ಲೇ ತೂಗಿ ನೋಡಿದೆ. ಹನ್ನೆರಡು ಬೋರಿನ ಉಂಡೆ ಮೂರು ತೊಲದ ಮೇಲೆ. ನಾಲ್ಕು ಬೋರಿನದ್ದು ಹತ್ತು ತೊಲಕ್ಕೆ ಚೂರು ಕಮ್ಮಿ.

ಅಷ್ಟು ದೊಡ್ಡ ಉಂಡೆ ಯಾಕೆ ಬೇಕಿತ್ತು ಅಂದ್ರೆ ಆಗ ಇದ್ದದ್ದು ಕರಿಮದ್ದು ಮಾತ್ರ. ಅದರ ರಭಸ ಒಂದು ಮಿತಿ ದಾಟಲ್ಲ. ಏಟು ಜೋರಾಗಬೇಕು ಅಂದ್ರೆ ಉಂಡೆಯನ್ನೇ ದೊಡ್ಡದು ಮಾಡಬೇಕು. ನಮ್ಮ ಮೈಸೂರು ಸೀಮೇಲೇ ಇದ್ದ ಸ್ಯಾಂಡರ್ಸನ್ ಅನ್ನೋ ಅಧಿಕಾರಿ, 1874ರಲ್ಲಿ ಚಾಮರಾಜನಗರದ ಹತ್ರ ಮೊದಲ ಸಲ ಖೆಡ್ಡಾ ಮಾಡಿ ಆನೆ ಹಿಂಡು ಹಿಡಿಸಿದವನು, ಆನೆ ಶಿಕಾರಿಗೆ ಇಟ್ಕೊಂಡಿದ್ದು ನಾಲ್ಕು ಬೋರಿನ ಕೋವಿ. ಎತ್ತಿ ನಿಲ್ಲೋಕೇ ಗಟ್ಟಿ ಆಳು ಬೇಕು.

ಇದರ ಅತಿರೇಕ ಸ್ಯಾಮ್ಯುಯೆಲ್ ಬೇಕರ್ ಅನ್ನೋನದ್ದು. ಸಿಲೋನಿನಲ್ಲಿ ಇದ್ದು, ಆಮೇಲೆ ನೈಲ್ ನದಿಯ ಮೂಲ ಹುಡುಕಿಕೊಂಡು ಆಫ್ರಿಕಾಕ್ಕೆ ಹೋದವನು. ಅರ್ಧ ಪೌಂಡಿನ ಗುಂಡು ಹಾರಿಸೋ ಒಂದು ಕೋವಿ ಮಾಡಿಸಿದ್ದ. ಅರ್ಧ ಪೌಂಡು ಅಂದ್ರೆ ಹತ್ತೊಂಬತ್ತು ತೊಲ! ಅದಕ್ಕೆ ಅವನಿಟ್ಟ ಹೆಸರು "ಬೇಬಿ". ಅವನ ಜೊತೆಗಿದ್ದ ಅರಬರು ಅದನ್ನ ಫಿರಂಗಿಯ ಮಗು ಅಂತ ಕರೀತಿದ್ರು. ಹಾರಿಸಿದ್ರೆ ಅವನೇ ಗಾಳಿಗೆ ಸಿಕ್ಕಿದವನ ಹಂಗೆ ಒಂದು ಸುತ್ತು ತಿರುಗಿ ಹೋಗ್ತಿದ್ದನಂತೆ. ಅದನ್ನ ಹಾರಿಸೋಕೆ ತನಗೇ ಹೆದರಿಕೆ, ಹಾಗಾಗಿ ಹಾರಿಸಿದ್ದೇ ಕಮ್ಮಿ ಅಂತ ಅವನೇ ಬರ್ಕೊಂಡಿದ್ದಾನೆ. ಹೆದರಿಕೆ ಆಗೋದನ್ನ ದುಡ್ಡು ಕೊಟ್ಟು ಮಾಡಿಸಿ, ಆಳಿನ ಹೆಗಲಿಗೆ ಹೊರಿಸಿ ಆಫ್ರಿಕಾ ತುಂಬ ತಿರುಗಿಸೋದು. ಗಂಡಸರ ಬುದ್ಧಿಗೆ ದೇಶ ಭಾಷೆ ಇಲ್ಲ ಬಿಡಿ.

ಆಮೇಲೆ ಕಾರ್ಡೈಟ್ ಅನ್ನೋ ಹೊಗೆ ಇಲ್ಲದ ಮದ್ದು ಬಂತು. 1898ರಲ್ಲಿ ಲಂಡನ್ನಿನ ರಿಗ್ಬಿ ಕಂಪನಿಯವರು .450 ನೈಟ್ರೋ ಎಕ್ಸ್‌ಪ್ರೆಸ್ ಅನ್ನೋ ತೋಟಾ ಮಾಡಿದ್ರು. ಅರ್ಧ ಇಂಚಿಗಿಂತ ಸಪೂರದ ಗುಂಡು, ಆದ್ರೆ ರಭಸ ಎಷ್ಟೋ ಹೆಚ್ಚು. ಅಲ್ಲಿಗೆ ನಾಲ್ಕು ಬೋರು, ಎಂಟು ಬೋರುಗಳ ಕಾಲ ಮುಗಿದ ಹಂಗೇ ಆಯ್ತು. ಆದ್ರೆ ಇಂಡಿಯಾದಲ್ಲಿ ಒಂದು ತಕರಾರು. ಸೈನ್ಯದ ಹಳೇ ಮಾರ್ಟಿನಿ ಹೆನ್ರಿ ಬಂದೂಕಿನದ್ದೂ .450ರ ನಳಿಗೆಯೇ. ಶಿಕಾರಿ ತೋಟಾದ ಗುಂಡು ಬಂಡಾಯಗಾರರ ಬಂದೂಕಿಗೆ ಸೇರಿಬಿಟ್ಟರೆ ಅಂತ ಹೆದರಿ, 1907ರ ಹೊತ್ತಿಗೆ ಸರ್ಕಾರ .450 ಶಿಕಾರಿ ರೈಫಲ್ ಇಲ್ಲಿಗೆ ತರೋದನ್ನೇ ನಿಲ್ಲಿಸಿತು. ಲಂಡನ್ನಿನ ಕಂಪನಿಗಳು ಸುಮ್ಮನಿರ್ತಾವಾ, .465, .470, .475 ಅಂತ ಕೂದಲೆಳೆ ವ್ಯತ್ಯಾಸದಲ್ಲಿ ಒಬ್ಬೊಬ್ಬರು ಒಂದೊಂದು ಸೈಜು ಮಾಡಿ ಮಾರಿದ್ರು. ಇವತ್ತಿಗೂ ದೊಡ್ಡ ಕೋವಿಗಳಿಗೆ ಒಂದರ ತೋಟಾ ಇನ್ನೊಂದಕ್ಕೆ ಆಗದೆ ಇರೋಕೆ ಅರ್ಧ ಕಾರಣ ಆ ಕಾಯಿದೆ.

ನಮ್ಮ ಮನೇದು ಜೆಫ್ರಿ ಕಂಪನಿಯ .450/400, ಜೋಡುನಳಿಗೆ. ಗುಂಡು 400 ಗ್ರೈನ್, ಎರಡು ತೊಲದ ಮೇಲೆ ಸ್ವಲ್ಪ. ಹೆಸರಲ್ಲಿ 450 ಇದ್ರೂ ಗುಂಡು ನಾನೂರರ ಜಾತಿ, ಹಂಗಾಗಿ ಆ ಕಾಯಿದೆಗೆ ಸಿಗದೆ ಇಂಡಿಯಾದಲ್ಲಿ ಜಾಸ್ತಿ ಮಾರಾಟ ಆಯ್ತು. ಅದಕ್ಕೆ ಅಷ್ಟು ಬೆಲೆ ಯಾಕೆ ಅಂತ ನನಗೂ ಅರ್ಥ ಆಗಿರಲಿಲ್ಲ. ಎರಡು ನಳಿಗೆಯನ್ನ ಪಕ್ಕಪಕ್ಕ ಇಟ್ಟು ಬೆಸೆದ್ರೆ ಎರಡರ ಗುಂಡೂ ಒಂದೇ ಕಡೆ ಬೀಳಲ್ಲ. ಒಬ್ಬ ಕೆಲಸಗಾರ ಕೂತು ಬೆಸುಗೆ ಹಾಕಬೇಕು, ಹಾರಿಸಿ ನೋಡಬೇಕು, ಬೆಸುಗೆ ಕರಗಿಸಿ ತುದಿಯ ಸಣ್ಣ ಬೆಣೆಯನ್ನ ಚೂರು ಸರಿಸಬೇಕು, ಮತ್ತೆ ಹಾರಿಸಬೇಕು. ಎರಡೂ ಏಟು ಒಂದೇ ಜಾಗಕ್ಕೆ ಬೀಳೋ ತನಕ ಇದೇ ಕೆಲಸ. ಅದೂ ಒಂದೇ ಅಳತೆಯ ತೋಟಾಕ್ಕೆ ಮಾತ್ರ ಸರಿಯಾಗಿರುತ್ತೆ, ಬೇರೆ ಮದ್ದು ಹಾಕಿದ್ರೆ ಮತ್ತೆ ಓರೆ. ಚಂದದ ಕೆಲಸ, ಇಲ್ಲ ಅನ್ನಲ್ಲ. ಅದರ ಮರದ ಹಿಡಿ ಮೇಲೆ ಕೈ ಆಡಿಸಿದ್ರೆ ಹಳೇ ಮನೆ ಕಂಬ ಮುಟ್ಟಿದ ಹಂಗೆ ಆಗ್ತಿತ್ತು.

ಈಗ ನಾದಿನಿಯ ಕಾರ್ಬೆಟ್ ಸಾಹೇಬನ ಮಾತಿಗೆ ಬರ್ತೇನೆ. ಹೌದು ಕಣೆ, ಅವನ ಹತ್ರ ಜೆಫ್ರಿ .450/400 ಇತ್ತು. ಆದ್ರೆ ಅವನು ಹೆಸರು ಮಾಡಿದ ಮೊದಲ ನರಭಕ್ಷಕನ ಕತೆ ಪೂರ್ತಿ ಓದು. ಕುಮಾವೂಂ ಕಡೆಯ ಚಂಪಾವತ್ ಹೆಣ್ಣುಹುಲಿ, 436 ಜನರನ್ನ ತಿಂದದ್ದು. 1907ರಲ್ಲಿ ಅದನ್ನ ಅಟ್ಟಿಸಿಕೊಂಡು ಹೋದಾಗ ಅವನ ಕೈಲಿ .500 ದೊಡ್ಡ ರೈಫಲ್ ಇತ್ತು. ತೋಟಾ ಇದ್ದಿದ್ದು ಮೂರೇ. ಮೂರೂ ಹಾರಿದವು, ಎರಡು ತಾಗಿದವು, ಹುಲಿ ಇನ್ನೂ ನಿಂತೇ ಇದೆ. ಖಾಲಿ ಕೋವಿ ಬಿಟ್ಟು ಓಡಿ ಹೋಗಿ ತಹಸೀಲ್ದಾರನ ಕೈಲಿದ್ದ ಬಂದೂಕು ಕಿತ್ಕೊಂಡು ಬಂದ. ಅದು ಎಂಥಾ ಬಂದೂಕು ಅಂದ್ರೆ ನಳಿಗೆಗೂ ಹಿಂಬದಿಗೂ ನಡುವೆ ಸಂದಿ ಕಾಣ್ತಿತ್ತು. ಅದರಲ್ಲಿ ಬಾಯಿಗೆ ಗುರಿ ಇಟ್ರೆ ಕಾಲಿಗೆ ತಾಗಿತು. ಹುಲಿ ಬಿತ್ತು. ಸತ್ತಿದ್ದು ಮೊದಲಿನ ಏಟಿಗೇ ಅಂತ ಆಮೇಲೆ ಗೊತ್ತಾಯ್ತು. ದೊಡ್ಡ ಕೋವಿ ತನ್ನ ಕೆಲಸ ಮಾಡಿತ್ತು, ಅದನ್ನ ನಾನು ಮುಚ್ಚಿಡಲ್ಲ. ಆದ್ರೆ ನಾಲ್ಕನೇ ತೋಟಾ ಇಲ್ಲದ ಗಳಿಗೆಗೆ ಅದೊಂದು ದೊಣ್ಣೆ ಅಷ್ಟೇ ಆಗಿತ್ತು.

ಆ ಹುಲಿಗಾಗಿ ಸರ್ಕಾರದ ದೊಡ್ಡ ಸಾಹೇಬರು ಅವನಿಗೆ ಉಡುಗೊರೆ ಕೊಟ್ಟಿದ್ದು ರಿಗ್ಬಿಯ .275, ಹಗುರದ್ದು. ಅದರ ಗುಂಡು 140 ಗ್ರೈನ್, ಪೂರ್ತಿ ಒಂದು ತೊಲವೂ ಇಲ್ಲ. 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನ ಹೊಡೆದಿದ್ದು ಆ ಸಪೂರ ಕೋವಿಯಲ್ಲೇ. ಆಫ್ರಿಕಾದಲ್ಲಿ ಬೆಲ್ ಅನ್ನೋನು ಸಾವಿರದ ಮೇಲೆ ಆನೆ ಕೊಂದಿದ್ದಾನೆ (ಓದ್ತಾ ಹೊಟ್ಟೆ ತೊಳೆಸುತ್ತೆ), ಅದರಲ್ಲೂ ಹೆಚ್ಚಿನವು ಇದೇ ಸಣ್ಣ ಸೈಜಿನಲ್ಲಿ. ಗುರಿ ಸರಿ ಇದ್ದವರಿಗೆ ಎರಡು ತೊಲದ ಸೀಸ ಬೇಕಾಗಿರಲಿಲ್ಲ. ಗುರಿ ಇಲ್ಲದವರಿಗೆ ಹತ್ತು ತೊಲ ಇದ್ರೂ ಅಷ್ಟೇ.

ಅಜ್ಜಯ್ಯನ ಗುರಿ ಹೇಗಿತ್ತು? ದೊರೆ ಕೋವಿ ಜೊತೆ ಕೊಟ್ಟಿದ್ದು 18 ತೋಟಾ. 2020ರಲ್ಲಿ ಡಬ್ಬಿಯಲ್ಲಿ ಎಣಿಸಿದಾಗ 11 ಇದ್ದವು. ಅರವತ್ತೊಂಬತ್ತು ವರ್ಷಕ್ಕೆ ಏಳು. ಎರಡು ತಂದ ದಿನವೇ ಹಿತ್ತಲ ಹಲಸಿನ ಮರಕ್ಕೆ, ಪರೀಕ್ಷೆಗೆ ಅಂತ. ಭುಜ ನೀಲಿಗಟ್ಟಿ ನಾಲ್ಕು ದಿನ ಕೈ ಎತ್ತೋಕೆ ಆಗಲಿಲ್ಲ, ಅಜ್ಜಿ ಎಣ್ಣೆ ಬಿಸಿ ಮಾಡಿ ಹಚ್ಚಿದ್ರು. ಮೂರು ಮಳೆಗಾಲದ ಥಂಡಿಗೆ ಠುಸ್ ಅಂದವು. ಒಂದು ಯಾರೋ ನೆಂಟರ ಒತ್ತಾಯಕ್ಕೆ ಆಕಾಶಕ್ಕೆ ಹೋಯ್ತು. ಹುಲಿಗೆ ಅಂತ ಹೊಡೆದದ್ದು ಒಂದು. ಎಮ್ಮೆಯ ಹೆಣದ ಹತ್ರ ಮರದ ಮೇಲೆ ಅಟ್ಟಣೆ ಕಟ್ಟಿ ಎರಡು ರಾತ್ರಿ ಕೂತ್ರು. ಎರಡನೇ ರಾತ್ರಿ ಹುಲಿ ಬಂತು. ಅಷ್ಟೊತ್ತಿಗೆ ಭಾರಕ್ಕೆ ಕೈ ಮರಗಟ್ಟಿತ್ತು. ಗುಂಡು ಕಲ್ಲಿಗೆ ಹೋಯ್ತು, ಹುಲಿ ಕಾನಿಗೆ ಹೋಯ್ತು. ಆ ವರ್ಷ ಮತ್ತೆ ಬರಲಿಲ್ಲ.

ಅಜ್ಜಯ್ಯ ಅದನ್ನ ಸಾಯೋ ತನಕ ಗೆಲುವು ಅಂತಲೇ ಹೇಳ್ತಿದ್ರು. ಅಜ್ಜಿ ಅಕ್ಕಿ ಆರಿಸ್ತಾ ತಲೆ ಎತ್ತದೆ ಹೇಳ್ತಿದ್ದದ್ದು ನನಗೆ ನೆನಪಿದೆ: "ಹುಲಿ ಓಡಿದ್ದು ಶಬ್ದಕ್ಕೆ ಕಣೆ. ಶಬ್ದಕ್ಕೆ ಕೇಪಿನ ಕೋವಿ ಸಾಕಿತ್ತು."

ಹಂಗಾದ್ರೆ ಯಾಕೆ ತಗೊಂಡ್ರು? ನನಗೆ ಅನ್ನಿಸೋದು ಇದು. 1878ರ ಕಾಯಿದೆ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿ ನಮ್ಮ ಜನ ಕೋವಿ ಇಡೋಕೆ ಲೈಸೆನ್ಸ್ ಬೇಕು, ಯುರೋಪಿನವರಿಗೆ ಬೇಡ. ಕೊಡಗಿನವರಿಗೆ ವಿನಾಯಿತಿ ಇತ್ತು, ಈಗಲೂ 2029ರ ತನಕ ಇದೆ, ಅಲ್ಲಿ ಕೈಲ್‌ಪೊಳ್ದಿಗೆ ಕೋವಿಗೆ ಹೂವಿಟ್ಟು ಪೂಜೆ ಮಾಡ್ತಾರೆ. ನಮ್ಮ ಕಡೆ ಸಾಮಾನ್ಯ ಮನೆಗೆ ಕೇಪಿನ ಕೋವಿ, ಅನುಕೂಲಸ್ಥರಿಗೆ ತೋಟಾ ಕೋವಿ, ಜೋಡುನಳಿಗೆ ರೈಫಲ್ ಅಂದ್ರೆ ಅದು ಬಂಗಲೆ ದೊರೆಗೆ. ಅಜ್ಜಯ್ಯ ಹುಡುಗನಾಗಿದ್ದಾಗ ಆ ಬಂಗಲೆ ಅಂಗಳದಲ್ಲಿ ಮೆಟ್ಟು ಕಳಚಿ ನಿಂತವರು. ಅದೇ ದೊರೆ 1951ರಲ್ಲಿ ಪೆಟ್ಟಿಗೆ ಕಟ್ಟುವಾಗ, ಅವನ ಗೋಡೆ ಮೇಲಿದ್ದದ್ದು ತನ್ನ ಗೋಡೆಗೆ ಬರುತ್ತೆ ಅಂದ್ರೆ ಯಾರಿಗೆ ಆಸೆ ಆಗಲ್ಲ? ಅದನ್ನ ನಾನು ತಪ್ಪು ಅನ್ನಲ್ಲ. ಅವರು ತಮ್ಮ ಗದ್ದೆ ಮಾರಿ ತಗೊಂಡಿದ್ರೆ ಈ ಲೇಖನವನ್ನೇ ಬರೀತಿರಲಿಲ್ಲ.

1972ರಲ್ಲಿ ವನ್ಯಜೀವಿ ಕಾಯಿದೆ ಬಂದ ಮೇಲೆ ಹುಲಿ ಮಾತೇ ಮುಗೀತು. 1980ರ ದಶಕದಿಂದ ಹೊರದೇಶದ ಕೋವಿ ತರಿಸೋದೂ ಸಾಮಾನ್ಯ ಜನಕ್ಕೆ ಬಂದ್. ನಮ್ಮ ದೇಶದ ಕಾರ್ಖಾನೆಯಲ್ಲಿ .315ಕ್ಕೆ, ಹನ್ನೆರಡು ಬೋರಿಗೆ ತೋಟಾ ಮಾಡ್ತಾರೆ, ನಾನೂರಕ್ಕೆ ಯಾರು ಮಾಡ್ತಾರೆ? ಉಳಿದ ಹನ್ನೊಂದೇ ಅದರ ಆಯುಷ್ಯ, ಅದರಲ್ಲೂ ಎಷ್ಟು ಜೀವಂತ ಅಂತ ಹಾರಿಸಿ ನೋಡಿದ್ರೆ ಮಾತ್ರ ಗೊತ್ತು.

ಜಗಲಿಯ ಮಾತಿಗೆ ವಾಪಸ್ ಬರ್ತೇನೆ. ಇವರು ತಮ್ಮ ಹೆಸರಿಗೆ ಇನ್ನೊಂದು ಲೈಸೆನ್ಸ್ ಮಾಡಿಸ್ತೇನೆ ಅಂದ್ರು. ಡಾಕ್ಟರ್ ಸರ್ಟಿಫಿಕೇಟು, ತರಬೇತಿ ಸರ್ಟಿಫಿಕೇಟು, ಪೊಲೀಸ್ ವಿಚಾರಣೆ, ಪ್ರತಿ ಚುನಾವಣೆಗೆ ಮತ್ತೆ ಗೋಣಿ ಸುತ್ತಿ ಹೊರೋದು. ಭಾವ ಕೇಪಿನ ಕೋವಿಯನ್ನೇ ಕೊಟ್ಬಿಡಿ, ಅದಕ್ಕೆ ಬೆಲೆ ಇಲ್ಲ ಅಂದ್ರು. ಮಾವಯ್ಯ ಎಂತದೂ ಹೇಳಲಿಲ್ಲ, ವೀಳ್ಯ ಜಗಿತಾ ಕೂತಿದ್ರು. ಆಗ ಅತ್ತೆಮ್ಮ ಎದ್ದು ಒಳಗೆ ಹೋಗಿ ಲೆಕ್ಕದ ಪುಸ್ತಕ ತಂದು ಆ ಪುಟ ತೆಗೆದು ಮಾವಯ್ಯನ ಮುಂದೆ ಇಟ್ರು. ಮಾವಯ್ಯ ಕನ್ನಡಕ ಹಾಕಿ ಓದಿದ್ರು. "ಬಂಗಾರ ಬಾಬ್ತು" ಅನ್ನೋ ಸಾಲಿನ ಮೇಲೆ ಬೆರಳಿಟ್ಟು, "ಇದು ಅವ್ವನ ಸರವಾ?" ಅಂದ್ರು. ಅವರಿಗೆ ಎಂಬತ್ತೆರಡು ವರ್ಷ ಅದು ಗೊತ್ತೇ ಇರಲಿಲ್ಲ. ಹೆಂಗಸರಿಗೆಲ್ಲ ಗೊತ್ತಿತ್ತು.

ಮಾರನೇ ವಾರ ದೊಡ್ಡ ಕೋವಿ ಶಿವಮೊಗ್ಗದ ಅಂಗಡಿಗೆ ಹೋಯ್ತು. ಹೊರಡೋ ಮುಂಚೆ ಹಂಡೆಗೆ ಬೆಂಕಿ ಹಾಕಿ ಕುದಿನೀರು ಹೊಯ್ದು ಒಣಗಿಸಿ ಎಣ್ಣೆ ಹಚ್ಚಿದ್ದು ನಾನು. ಮಾವಯ್ಯ ನಳಿಗೆ ಹಿಡ್ಕೊಂಡಿದ್ರು.

ಮಾರಾಟ ಆಗೋಕೆ ಎರಡು ವರ್ಷ ಹಿಡೀತು. ಒಂದು ನಳಿಗೆ ಒಳಗೆ ಗುಳಿ ಬಿದ್ದಿತ್ತು, ಹಂಗಾಗಿ ರೇಟು ಬರಲಿಲ್ಲ. ಅಂಗಡಿಯವರ ಕಮಿಷನ್ ಕಳೆದು 1,60,000 ಕೈಗೆ ಬಂತು. ಒಳ್ಳೇ ಸ್ಥಿತೀಲಿ ಇದ್ದಿದ್ರೆ ಇನ್ನೂ ಬರ್ತಿತ್ತು ಅಂತ ಭಾವ ಈಗಲೂ ಹೇಳ್ತಾರೆ. ಅತ್ತೆಮ್ಮ ಒಂದು ರೂಪಾಯಿ ಅತ್ತಿತ್ತ ಹೋಗೋಕೆ ಬಿಡದೆ ಅಷ್ಟಕ್ಕೂ ಬಂಗಾರ ತಗೊಂಡ್ರು. 12 ತೊಲ ಹೋಗಿದ್ದು, ಮಜೂರಿ ಎಲ್ಲ ಕಳೆದು ಬಂದಿದ್ದು ಎರಡೂಮುಕ್ಕಾಲು. ಸರ ಆಗಲ್ಲ ಅಂತ ಎಂಟೆಂಟು ಗ್ರಾಮಿನ ನಾಲ್ಕು ಕಾಸು ಮಾಡಿಸಿದ್ರು. ಅತ್ತೆಮ್ಮಂಗೆ ಒಂದು, ನನಗೆ ಒಂದು, ಮಗಳಿಗೆ ಒಂದು.

ನಾಲ್ಕನೇದು ನಿನ್ನದು. ಗಾಡ್ರೇಜಿನ ಒಳಗಿನ ಖಾನೇಲಿ, ಅಜ್ಜಿಯ ಕುಂಕುಮದ ಭರಣೀಲಿ ಇದೆ. ದೀಪಾವಳಿಗೆ ಬಂದಾಗ ತಗೊಂಡು ಹೋಗು.